ಮೊಲಕ್ಕೆ ಹಚ್ಚದ ಪೌಡರ್

ಬರುವ ಭಾನುವಾರ ಮುಖಕ್ಕೆ ಏನು ಹಚ್ಚಿಕೊಳ್ಳಲಿ ಎಂಬುದು ನನ್ನ ಚಿಂತೆ. ಇದನ್ನು ಯಾರ ಮುಂದೆಯೂ ಹೇಳುವಂತಿಲ್ಲ. ಬಿ.ಎ. ಪಾಸಾದ ಹುಡುಗಿಗೆ ಇರಬೇಕಾದ ಚಿಂತೆಗಳೇ ಬೇರೆ: ದೇಶದ ಬಡತನ, ಸ್ತ್ರೀಶಿಕ್ಷಣ, ಹೆಚ್ಚೆಂದರೆ ಒಂದು ನೌಕರಿ. ದಿನಾ ಡೈರಿ ಬರೆಯುವ ನಾನು ಈ ವಾರವೆಲ್ಲ ಹವಾಮಾನವನ್ನಷ್ಟೇ ಬರೆದೆ. ಏಪ್ರಿಲ್ ತಿಂಗಳ ಸೇಡಂನಲ್ಲಿ ಹವಾಮಾನದ ಬಗ್ಗೆ ಬರೆಯಲು ಏನಿದೆ? "ಬಿಸಿಲು" ಎಂದು ಬರೆದು ಮುಚ್ಚಿಟ್ಟೆ.

ಭಾನುವಾರ ವಾಡಿಯಿಂದ ನನ್ನನ್ನು ನೋಡಲು ಬರುತ್ತಾರೆ. ಹುಡುಗನ ಹೆಸರು ಅಂಬಾರಾಯ. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಮನೆಯವರ ಪ್ರಕಾರ ನಾನು ಅವರನ್ನು ಇನ್ನೂ ನೋಡಿಲ್ಲ. ನೋಡಿದ್ದೇನೆ. ಹೋದ ವರ್ಷ ಶಹಾಬಾದಿನಲ್ಲಿ, ಗೆಳತಿಯ ಮದುವೆಯಲ್ಲಿ, ಅವರು ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದರು. ನನ್ನ ಎಲೆಯ ಮುಂದೆ ಬಗ್ಗಿ, "ಸಾಕಾದ್ರ ಹೇಳ್ರಿ" ಎಂದರು. ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಅವರು ಸುರಿದರು, ನಾನು ಸುಮ್ಮನಿದ್ದೆ. ಹೋಳಿಗೆ ಮುಳುಗಿತು. ಅನ್ನ ನಡುಗಡ್ಡೆಯಾಯಿತು. ತುಪ್ಪ ಎಲೆಯ ಗಡಿ ದಾಟಿ ಪಕ್ಕದ ಮುದುಕಿಯ ಸೀರೆ ಸೆರಗಿನತ್ತ ಹೊರಟಿತು. ಕೊನೆಗೆ ಅವರೇ ತಂಬಿಗೆಯೊಳಗೆ ಇಣುಕಿ, "ನಿಮಗ ಸಾಕಾಗಲಿಲ್ಲ, ನಮ್ಮ ತುಪ್ಪ ತೀರ್ತು" ಎಂದು ನಕ್ಕರು. ಆ ನಗುವನ್ನು ನಾನು ಶಹಾಬಾದಿನಿಂದ ಸೇಡಂತನಕ ಟಿಕೆಟ್ಟಿಲ್ಲದೆ ತಂದೆ.

ಅವರು ನನ್ನನ್ನು ಒಪ್ಪಬೇಕು. ಇದು ನನ್ನ ಆಸೆ. ಇದನ್ನೂ ಯಾರಿಗೂ ಹೇಳಿಲ್ಲ.

ಹಾಗಿದ್ದರೆ ಎಲ್ಲ ಹುಡುಗಿಯರ ಹಾಗೆ ಸ್ನೋ ಪೌಡರ್ ಹಚ್ಚಿಕೊಂಡು ಕೂತರಾಯಿತಲ್ಲ? ಅಲ್ಲೇ ಮೊಲ ಅಡ್ಡ ಬಂತು.

ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಮಾಸಿಕ ತಿರುವುತ್ತಿದ್ದೆ. ಪರದೇಶಗಳಲ್ಲಿ ಪೌಡರ್, ಸ್ನೋ, ಕಾಡಿಗೆ ತಯಾರಿಸುವವರು ಅದನ್ನು ಹೆಂಗಸರಿಗೆ ಮಾರುವ ಮುಂಚೆ ಮೊಲಗಳ ಕಣ್ಣಿಗೆ ಹಾಕಿ ನೋಡುತ್ತಾರಂತೆ. ಒದ್ದಾಡಬಾರದೆಂದು ಮೊಲದ ಕುತ್ತಿಗೆಯನ್ನು ಪೆಟ್ಟಿಗೆಯ ತೂತಿನಲ್ಲಿ ಸಿಕ್ಕಿಸಿರುತ್ತಾರೆ. ಚಿತ್ರವನ್ನೂ ಹಾಕಿದ್ದರು. ಅಂದಿನಿಂದ ಮನೆಯ ಪೌಡರ್ ಡಬ್ಬಿಯನ್ನು ಮುಟ್ಟಿದರೆ ಸಾಕು, ಕೆಂಪು ಕಣ್ಣಿನ ಒಂದು ಮೊಲ ಅದರೊಳಗಿಂದ ತಲೆ ಹೊರಗೆ ಹಾಕಿ, "ನಿನಗ ಹುಡುಗನ್ನ ಒಪ್ಪಸಾಕ ನನ್ನ ಕಣ್ಣೇ ಬೇಕಿತ್ತೇನವ್ವ?" ಎಂದು ಕೇಳುತ್ತದೆ. ಇಂಗ್ಲಿಷಿನಲ್ಲಿ ಕೇಳಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅದು ನಮ್ಮ ಕಡೆಯ ಮಾತಿನಲ್ಲೇ ಕೇಳುತ್ತಿತ್ತು.

ಆದ್ದರಿಂದ ಮೊಲಕ್ಕೆ ಹಚ್ಚದ ಪೌಡರ್ ಹುಡುಕಿಕೊಂಡು ಪೇಟೆಗೆ ಹೋದೆ.

ನಮ್ಮ ಓಣಿಗೆಲ್ಲ ಬಳೆ ತೊಡಿಸುವವರು ಜೈತುನ್ಬೀ. ಅವರ ಅಂಗಡಿಯಲ್ಲಿ ಬಳೆ, ರಿಬ್ಬನ್, ಟಿಕಳಿ, ಸ್ನೋ, ಪೌಡರ್ ಎಲ್ಲ ಸಿಗುತ್ತದೆ. ಮೆಟ್ಟಿಲಿನ ಪಕ್ಕ ಅವರ ಕರಿ ಆಡು ಚಮ್ಕಿ ಕಟ್ಟಿರುತ್ತದೆ. ಅಂಗಡಿ ಖಾಲಿಯಿದ್ದ ಹೊತ್ತು ನೋಡಿಕೊಂಡು ಹತ್ತಿದೆ.

"ಖಾಲಾ, ಒಂದು ಪೌಡರ್ ಬೇಕಾಗಿತ್ತು."

"ಭಾನುವಾರಕ್ಕೇನು ಬೇಟಿ?"

ನಮ್ಮ ಊರಿನಲ್ಲಿ ಗುಟ್ಟು ಎಂದರೆ ಎಲ್ಲರಿಗೂ ಗೊತ್ತಿದ್ದು, ಸಂಬಂಧಪಟ್ಟವರೊಬ್ಬರೇ ಮುಚ್ಚಿಟ್ಟಿದ್ದೇನೆಂದು ತಿಳಿದಿರುವ ಸಂಗತಿ. ತಲೆ ತಗ್ಗಿಸಿ, ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದ ಪ್ರಶ್ನೆಯನ್ನು ಕೇಳಿದೆ: "ಇದನ್ನ ಯಾವುದರೆ ಪ್ರಾಣಿಗಿ ಹಚ್ಚಿ ನೋಡ್ಯಾರೇನ್ರಿ?"

ಜೈತುನ್ಬೀ ಮುಖ ಕೆಂಪಾಯಿತು. "ಯಾರು? ಯಾರು ಹೇಳ್ಯಾರ ಹೇಳು! ಆ ಮೂಲಿ ಅಂಗಡಿಯವನೇ ಹೌದಲ್ಲೊ? ನನ್ನ ಮಾಲು ಹಚ್ಚಿದ್ರ ಮುಖದ ಮ್ಯಾಲ ಗುಳ್ಳಿ ಏಳತಾವಂತೇನು? ನಿಮ್ಮವ್ವನ ಮದುವಿಗಿ ನಾನೇ ಪೌಡರ್ ಕೊಟ್ಟೀನಿ, ನಿಮ್ಮಪ್ಪ ಓಡಿ ಹೋಗ್ಯಾನೇನು?"

"ಹಂಗಲ್ರಿ ಖಾಲಾ..."

"ಪ್ರಾಣಿಗಿ ಹಚ್ಚಿ ನೋಡಬೇಕಲಾ? ಬಾ ಇಲ್ಲಿ. ನಿನ್ನ ಕಣ್ಣ ಮುಂದೇ ಹಚ್ಚತೀನಿ!"

ಹೊಸ ಡಬ್ಬಿಯ ಮುಚ್ಚಳ ಹಾರಿತು. ಜೈತುನ್ಬೀ ಚಮ್ಕಿಯ ಗಡ್ಡ ಹಿಡಿದು ಅದರ ಕರಿ ಮುಖಕ್ಕೆ ಪಟಪಟ ಪೌಡರ್ ಬಡಿದರು. ಆಮೇಲೆ ಕಾಡಿಗೆ ತೀಡಿದರು. ಸಿಟ್ಟು ಇಳಿಯದೆ ಹಣೆಗೆ ಒಂದು ಟಿಕಳಿಯನ್ನೂ ಅಂಟಿಸಿದರು. ನಾನು ತಡೆಯಬೇಕಿತ್ತು. ತಡೆಯಲು ಮಾತಾಡಬೇಕಿತ್ತು. ಪರದೇಶದವರು ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಹೀಗೆ ಸೇಡಂನ ನಡುಪೇಟೆಯಲ್ಲಿ, ನನ್ನ ಹೆಸರಿನ ಮೇಲೆ ಸಾಂಗವಾಗಿ ನಡೆಯಿತು.

"ಬರ್ರೆವ್ವಾ, ನೋಡ್ರಿ ಎಲ್ಲಾರೂ!" ಎಂದು ಜೈತುನ್ಬೀ ಬೀದಿಗೆ ಸಾರಿದರು. "ಕಣ್ಣಾಗ ನೀರು ಬರಾಕತ್ತದೇನು? ತುರಸಾಕತ್ತದೇನು? ಇಕಿ ರೂಪ ನೋಡ್ರಿ, ಭಾನುವಾರ ಇಕಿಗೂ ವಾಡಿಯಿಂದ ಮಂದಿ ಬರತಾರ!"

ಚಮ್ಕಿ ಒಮ್ಮೆ ಸೀನಿ, ತುಟಿಯ ಮೇಲಿನ ಪೌಡರ್ ನೆಕ್ಕಿ, ಇನ್ನಷ್ಟು ಬೇಕೆಂಬಂತೆ ಅವರ ಕೈ ನೋಡಿತು. ಕೂಡಿದ್ದ ಹೆಂಗಸರು, "ನಮಗೂ ಆಡಿಗಿ ಹಚ್ಚಿದ್ದೇ ಕೊಡ್ರಿ" ಎಂದು ಕೈ ಚಾಚಿದರು. ಆ ನೂಕುನುಗ್ಗಲಿನಲ್ಲಿ ನಾನು ಬರಿಗೈಯಲ್ಲಿ ಮನೆ ಸೇರಿದೆ.

ಪೇಟೆಯ ದಾರಿ ಮುಚ್ಚಿತು. ಇನ್ನು ಉಳಿದದ್ದು ಮನೆಯಲ್ಲೇ ತಯಾರಿಸುವ ದಾರಿ. ಕಾಡಿಗೆಗೆ ತೊಂದರೆ ಇರಲಿಲ್ಲ. ಹರಳೆಣ್ಣೆಯ ದೀಪದ ಮೇಲೆ ತಾಟು ಬೋರಲು ಹಾಕಿದರೆ ಕಪ್ಪು ಸಿಗುತ್ತದೆ. ಪೌಡರಿಗೇನು ಮಾಡುವುದು? ಕಡಲೆ ಹಿಟ್ಟು ಹಚ್ಚಿ ನೋಡಿದೆ. ಕನ್ನಡಿಯಲ್ಲಿ ಎಣ್ಣೆಗೆ ಬೀಳಲು ತಯಾರಾದ ಭಜಿ ಕಂಡಿತು. ಆಗ ದೇವರ ಗೂಡಿನಲ್ಲಿದ್ದ ಅಪ್ಪನ ವಿಭೂತಿ ಗಟ್ಟಿಯ ಮೇಲೆ ಕಣ್ಣು ಬಿತ್ತು. ಬೆಳ್ಳಗಿದೆ, ನುಣ್ಣಗಿದೆ, ಒಳ್ಳೆಯ ವಾಸನೆ. ಇದಕ್ಕಾಗಿ ಆಕಳು ಕೊಟ್ಟದ್ದು ಸಗಣಿಯನ್ನು. ಅದನ್ನು ಅದು ಹೇಗೂ ಕೊಡುವುದೇ ಇತ್ತು. ಯಾರ ಕಣ್ಣಿಗೂ ತ್ರಾಸಿಲ್ಲ. ಭಕ್ತಿಗೆ ಹಚ್ಚುವುದನ್ನು ಚೆಂದಕ್ಕೆ ಹಚ್ಚಬಹುದೇ ಎಂದು ಸ್ವಲ್ಪ ಅಳುಕಿದೆ. ಶಿವನೂ ಮೈಗೆಲ್ಲ ಹಚ್ಚಿಕೊಂಡ ಮೇಲೆಯೇ ಪಾರ್ವತಿ ಒಪ್ಪಿದ್ದಲ್ಲವೇ ಎಂದು ಸಮಾಧಾನ ಮಾಡಿಕೊಂಡು, ಕೋಣೆಯ ಬಾಗಿಲು ಮುಂದೆ ಮಾಡಿ, ಒಂದು ಗಟ್ಟಿಯನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಮುಖಕ್ಕೆ ಹಚ್ಚಿಕೊಂಡು ಕಣ್ಣು ಮುಚ್ಚಿ ಒಣಗಲು ಬಿಟ್ಟೆ.

ಬಾಗಿಲು ತೆರೆದವಳು ಗುಂಡಮ್ಮತ್ತೆ.

ಗುಂಡಮ್ಮತ್ತೆ ಅಪ್ಪನ ಅಕ್ಕ. ಮನೆಯಲ್ಲಿ ಏನೂ ನಡೆಯದ ದಿನ ಅವಳಿಗೆ ಊಟ ಸೇರುವುದಿಲ್ಲ. ಅವಳು ಕಂಡದ್ದು ಇಷ್ಟು: ಕತ್ತಲೆ ಕೋಣೆ, ಮೂಲೆಯಲ್ಲಿ ದೀಪ, ಫರಸಿ ಕಲ್ಲಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದ ಸೋದರಸೊಸೆ, ಗಲ್ಲ ಕಿವಿ ಬಿಡದೆ ವಿಭೂತಿ.

"ಏ ದೇವಿಂದ್ರಾ! ಲಗೂನ ಬಾರೋ! ನಿನ್ನ ಮಗಳು ಹೋದಳೋ!"

ಅಪ್ಪ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದರು. "ಎಲ್ಲಿಗಿ ಹೋದಳು?"

"ಎಲ್ಲಿಗೂ ಹೋಗಿಲ್ಲ, ಇಲ್ಲೇ ಕುಂತಾಳ ನೋಡು. ಸಂಸಾರ ಬಿಟ್ಟು ಹೋದಳು!"

ಅಪ್ಪ ಹಗಲು ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ಸಂಜೆ ಮಠದ ಕಟ್ಟೆಯ ಮೇಲೆ ಓಣಿಯ ಮಂದಿಗೆ ವೈರಾಗ್ಯ ಹೇಳುವವರು. ದೇಹ ಮಣ್ಣು, ರೂಪ ಸುಳ್ಳು, ಸಂಸಾರ ಬಲೆ ಎಂದು ಅವರು ಹೇಳುತ್ತಿದ್ದರೆ ಮುದುಕರು ಕಣ್ಣೊರೆಸಿಕೊಳ್ಳುತ್ತಾರೆ. ಈಗ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಯಾಕವ್ವ ಶಿವಕಾಂತಾ? ಇದೇನವ್ವ?"

"ಅಪ್ಪಾ, ಪೌಡರಿನಾಗ ಹಿಂಸಾ ಅದ," ಎಂದೆ. ಮೊಲದ ಕಥೆಯನ್ನು ಮುಂದುವರಿಸುವ ಮುಂಚೆ ಅತ್ತೆ ಎದೆ ಬಡಿದುಕೊಂಡಳು.

"ಕೇಳಿದೇನೋ? ಹಿಂಸಾ ಅಂತ! ಪೌಡರಿನಾಗ ಹಿಂಸಾ ಕಂಡೋಳಿಗಿ ಗಂಡನ ಮನ್ಯಾಗ ಏನು ಕಾಣಬೇಕು?"

ಅಪ್ಪ ಕೈ ಜೋಡಿಸಿದರು. "ಯವ್ವಾ, ಕಟ್ಟಿ ಮ್ಯಾಲ ನಾ ಹೇಳೋದು ಮಂದಿಗಿ. ಮನಿಯವರಿಗಿ ಅಲ್ಲ!"

ಒಳಗಿನಿಂದ ಅವ್ವ ಒಂದೇ ಮಾತು ಹೇಳಿದಳು: "ಮುಖ ತೊಳ್ಕೋ ಹೋಗು. ಭಾನುವಾರ ಮಂದಿ ಬರತಾರ." ಆ ಮನೆಯಲ್ಲಿ ಸರಿಯಾದದ್ದನ್ನು ಹೇಳಿದವಳು ಅವಳೊಬ್ಬಳೇ. ಆದ್ದರಿಂದ ಯಾರೂ ಕೇಳಿಸಿಕೊಳ್ಳಲಿಲ್ಲ.

ಅತ್ತೆ ನೀರು ತರಲು ಬೋರಿಂಗಿಗೆ ಹೋದಳು. ಕೊಡ ಖಾಲಿಯೇ ವಾಪಸು ಬಂತು, ಓಣಿ ತುಂಬಿತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಐದಾರು ಹೆಂಗಸರು ಕೈಯಲ್ಲಿ ಟೆಂಗಿನಕಾಯಿ ಹಿಡಿದು ಕೂತಿದ್ದರು. ಒಬ್ಬಳಿಗೆ ಮಗುವಿನ ಜ್ವರ, ಒಬ್ಬಳಿಗೆ ಗಂಡನ ಇಸ್ಪೀಟು, ಒಬ್ಬಳಿಗೆ ಬರೀ ನೋಡಿ ಹೋಗುವ ಆಸೆ. ನಾನು ಯಾರಿಗೂ ಏನೂ ಹೇಳಲಿಲ್ಲ. ನನಗೆ ಬರುವುದು ಅದೊಂದೇ. ಜನಿಸಿದಾಗಿನಿಂದ "ಮೂಕಿ, ಬಾಯಿಲ್ಲದಾಕಿ" ಎಂದು ಬೈಸಿಕೊಂಡು ಬಂದ ನನ್ನ ನಾಚಿಕೆಗೆ ಒಂದೇ ಹಗಲಿನಲ್ಲಿ "ಮೌನವ್ರತ" ಎಂದು ಬಡ್ತಿ ಸಿಕ್ಕಿತು.

ಜೈತುನ್ಬೀಯೂ ಬಂದರು. ನಿಜ ಹೇಳುತ್ತಾರೆಂದು ಆಸೆಪಟ್ಟೆ. ಅವರು ಹೆಂಗಸರ ನಡುವೆ ಕೂತು, ಸೆರಗು ತಲೆಗೆ ಎಳೆದುಕೊಂಡು, "ನನ್ನ ಅಂಗಡಿ ಮೆಟ್ಟಲ ಮ್ಯಾಲೇ ಇಕಿಗಿ ಹಿಂಗಾಯ್ತು, ಅಲ್ಲಾನ ಆಣಿ. ಚಮ್ಕಿ ಮುಖ ನೋಡಿದಾಕಿ ದುನಿಯಾನೇ ಬ್ಯಾಡ ಅಂತ ಪೌಡರ್ ಬಿಟ್ಟು ಹೋದಳು. ಅಂದಿನಿಂದ ಚಮ್ಕಿ ಹಾಲು ಹೆಚ್ಚಿಗಿ ಕೊಡಾಕತ್ಯಾಳ!" ಎಂದರು. ಹಾಲಿನ ಮಾತು ಬಂದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಸಂಜೆ ಅಪ್ಪನ ಸಾಹೇಬರಾದ ಶಿರಸ್ತೇದಾರರೇ ಬಂದುಬಿಟ್ಟರು. ಕಚೇರಿಯಲ್ಲಿ ಅಪ್ಪನನ್ನು ನಿಲ್ಲಿಸಿ ಮಾತಾಡಿಸುವವರು ನಮ್ಮ ಮನೆಯ ಫರಸಿಯ ಮೇಲೆ ಮಂಡಿಯೂರಿದರು.

"ತಾಯೀ, ನನ್ನ ವರ್ಗದ ಹುಕುಂ ಯಾವಾಗ ಬರ್ತದ್ರಿ? ಯಾವ ಕಡಿಗಿ?"

"ಸಾಹೇಬ್ರ, ಆಕಿ ನನ್ನ ಮಗಳ್ರಿ," ಎಂದು ಅಪ್ಪ ಒದ್ದಾಡಿದರು.

"ನೀವು ಸುಮ್ಮ ಇರ್ರಿ ದೇವಿಂದ್ರಪ್ಪ. ಕಚೇರಿ ವಿಷಯ ಅದ."

ನಾನು ಉತ್ತರದ ಕಿಟಕಿಯ ಕಡೆ ನೋಡಿದೆ. ಯಾಕೆಂದರೆ ಜೈತುನ್ಬೀ ಹಿಂದೆಯೇ ಬಂದಿದ್ದ, ಕಾಡಿಗೆ ತೀಡಿದ ಚಮ್ಕಿ ಅಲ್ಲಿ ಮುಂಗಾಲೆತ್ತಿ ನಿಂತು, ಅವ್ವ ಒಣಗಲು ಇಟ್ಟಿದ್ದ ಸಂಡಿಗೆ ತಿನ್ನುತ್ತಿತ್ತು. ಶಿರಸ್ತೇದಾರರು ನನ್ನ ನೋಟದ ಗುಂಟ ನೋಡಿ ದಿಕ್ಕು ಹಿಡಿದರು. "ಉತ್ತರ! ಬೀದರ್!" ಎಂದು ಕೈ ಮುಗಿದು ಎದ್ದರು. ಶುಕ್ರವಾರ ಅವರಿಗೆ ಬೀದರಿಗೆ ವರ್ಗವಾಗಿ ಹುಕುಂ ಬಂತು. ಇಂಥ ಕಡೆ ಸರ್ಕಾರ ಎಂದೂ ಸಮಯಕ್ಕೆ ಸರಿಯಾಗಿ ಕೆಲಸ ಮಾಡಬಾರದು.

ಸುದ್ದಿ ಪ್ಯಾಸೆಂಜರ್ ಗಾಡಿ ಹತ್ತಿ ಚಿತ್ತಾಪುರ ದಾಟಿ ವಾಡಿ ಮುಟ್ಟಿತು. ಶನಿವಾರ ಮಧ್ಯಾಹ್ನ ಈ ಸಂಬಂಧ ಕೂಡಿಸಿದ್ದ ಧರ್ಮಣ್ಣ ಬೆವರೊರೆಸುತ್ತ ಬಂದ.

"ದೇವಿಂದ್ರಪ್ಪನವರ, ಏನ್ರಿ ಇದು? ನಾ ಅವರಿಗಿ ಹೆಣ್ಣು ಅದ ಅಂತ ಹೇಳೀನಿ. ನೀವು ಗುರುಮಾತೆ ಮಾಡಿ ಕುಂದ್ರಿಸೀರಿ!"

"ಬರೋದಿಲ್ಲಂತೇನು ಅವರು?" ಎಂದರು ಅಪ್ಪ. ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ.

"ಬರತಾರ, ಬರತಾರ. ಹುಡುಗನ ಅವ್ವ ಬಂದೇ ಬರತೀನಿ ಅಂದಾಳ. ಆಕಿ ಭಾಳ ಭಕ್ತಿವಂತಿ."

ಬರುತ್ತಾರೆ! ಉಳಿದ ಮಾತು ನನಗೆ ಕೇಳಿಸಲಿಲ್ಲ. ಅವರು ಬಂದು ನನ್ನನ್ನು ನೋಡಿದರೆ ಎಲ್ಲ ಗೊಂದಲ ತಾನಾಗಿ ಕರಗುತ್ತದೆ ಎಂದು ನಂಬಿದೆ. ನೋಡುವಂತೆ ಇರುವುದಷ್ಟೇ ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಸೋಸಿದ ವಿಭೂತಿಗೆ ತೇಯ್ದ ಗಂಧವನ್ನೂ ಚಿಟಿಕೆ ಅರಿಶಿನವನ್ನೂ ಬೆರೆಸಿದೆ. ತೆಳ್ಳಗೆ, ತಾಳ್ಮೆಯಿಂದ ಹಚ್ಚಿದೆ. ಬೂದಿಯ ಬಣ್ಣ ಹೋಗಿ ಮುಖಕ್ಕೆ ಒಂದು ಹದ ಬಂತು. ಮನೆಯ ಕಾಡಿಗೆ ತೀಡಿ, ಎಲೆ ಅಡಿಕೆ ಹಾಕಿಕೊಂಡು ತುಟಿ ಕೆಂಪು ಮಾಡಿಕೊಂಡೆ. ಕನ್ನಡಿಯಲ್ಲಿ ಕಂಡವಳು ನನಗೆ ಹಿಡಿಸಿದಳು. ಅವರಿಗೂ ಹಿಡಿಸಬಹುದು ಎನ್ನಿಸಿತು.

ಅಷ್ಟರಲ್ಲಿ ಅತ್ತೆ ಬಂದು ನನ್ನ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಎಳೆದು, ತನ್ನ ರುದ್ರಾಕ್ಷಿ ಸರ ಕೊರಳಿಗೆ ಹಾಕಿದಳು. "ಮಂದಿ ಕೂಡ್ಯಾರ. ಖಾಲಿ ಕೊರಳಿದ್ರ ಛಲೋ ಕಾಣಂಗಿಲ್ಲ."

ಪಡಸಾಲೆಗೆ ಬಂದು ನೋಡಿದರೆ ಹೆಣ್ಣು ಕೂರಿಸುವ ಚಾಪೆಯ ಜಾಗದಲ್ಲಿ ಓಣಿಯವರು ಮಣೆ ಇಟ್ಟು, ಮೇಲೆ ಕಂಬಳಿ ಹಾಸಿದ್ದರು. ಒಂದು ಕಡೆ ಬೀದರಿಗೆ ಹೊರಟು ನಿಂತಿದ್ದ ಶಿರಸ್ತೇದಾರರು, ಒಂದು ಕಡೆ ಜೈತುನ್ಬೀ, ಬಾಗಿಲಲ್ಲಿ ಟೆಂಗಿನವರು. ಅಪ್ಪ ಗೋಡೆಗೆ ಒರಗಿ, ಕಟ್ಟೆಯ ಪ್ರವಚನಗಳನ್ನೆಲ್ಲ ವಾಪಸು ನುಂಗುವವರ ಹಾಗೆ ಎಂಜಲು ನುಂಗುತ್ತಿದ್ದರು. ಅವ್ವ ಮಾತ್ರ ಹೆಣ್ಣು ನೋಡಲು ಬಂದವರಿಗೆ ಕೊಡುವ ಮಂಡಕ್ಕಿ ಸುಸಲಾಕ್ಕೆ ಒಗ್ಗರಣೆ ಹಾಕುತ್ತಿದ್ದಳು.

ಗಾಡಿ ಬಂತು. ಮುಂದೆ ಧರ್ಮಣ್ಣ, ಹಿಂದೆ ಅಂಬಾರಾಯರ ತಾಯಿ ಅನಸುಬಾಯಿ, ಅವರ ಹಿಂದೆ ಇಸ್ತ್ರಿಯ ಮಡಿಕೆ ಬಿಡದ ತಿಳಿನೀಲಿ ಶರ್ಟಿನಲ್ಲಿ ಅಂಬಾರಾಯ. ನನ್ನ ಎದೆ ಬಡಿತಕ್ಕೆ ರುದ್ರಾಕ್ಷಿಗಳು ಒಂದಕ್ಕೊಂದು ತಾಗಿದವು.

"ಬರ್ರಿ, ಕುಂದ್ರಿ," ಎಂದರು ಅಪ್ಪ. "ಹುಡುಗೀನ ಏನರೆ ಕೇಳೋದಿದ್ರ..."

"ಎಪ್ಪಾ, ಪಾಪ ಕಟ್ಟಬ್ಯಾಡ್ರಿ ನಮಗ!" ಅನಸುಬಾಯಿ ಎರಡೂ ಗಲ್ಲ ಬಡಿದುಕೊಂಡರು. "ಇಂಥಾವರನ್ನ ಹುಡುಗಿ ಅಂತ ನೋಡಾಕ ಬರೋ ಮಂದಿ ಅಲ್ಲ ನಾವು. ದರ್ಶನಕ್ಕ ಬಂದೀವಿ."

ಅವರು ಮಣೆಯ ಮುಂದೆ ಟೆಂಗು, ಬಾಳೆಹಣ್ಣು, ಊದಿನಕಡ್ಡಿ ಇಟ್ಟು ಕೈ ಮುಗಿದರು. "ಯವ್ವಾ, ಸುಲೇಪೇಟದಾಗ ಇವನಿಗಿ ಇನ್ನೊಂದು ಹುಡುಗಿ ಅದ. ಬುಧವಾರ ನೋಡಾಕ ಹೋಗಾಕತ್ತೀವಿ. ಆ ಸಂಬಂಧ ಕೂಡಿ ಬರಲಿ ಅಂತ ಆಶೀರ್ವಾದ ಮಾಡ್ರಿ."

ಒಳಗೆ ಸಾಸಿವೆ ಸಿಡಿಯುವುದು ಕೇಳುತ್ತಿತ್ತು.

"ಅವ್ವಾ," ಎಂದರು ಅಂಬಾರಾಯ ಮೆಲ್ಲಗೆ, ಮೂಗಿನ ತುದಿಗೆ ಬೆವರು. "ಇವರನ್ನ ನೋಡಾಕಂತನೇ ನಾ ಈ ಶರ್ಟ್ ಹೊಲಿಸಿದ್ದೆ."

"ಶರ್ಟ್ ಸುಲೇಪೇಟಕ್ಕೂ ಬರತದ. ಸುಮ್ಮ ಕುಂದ್ರು."

ನಾನು ಬಾಯಿ ತೆರೆದೆ. ಎಲೆ ಅಡಿಕೆಯ ಒಂದು ಚೂರು ಗಂಟಲಿಗೆ ಅಡ್ಡ ನಿಂತಿತ್ತು.

"ಮಾತಿಗಿ ಕಾಯಬ್ಯಾಡ್ರಿ," ಎಂದು ಶಿರಸ್ತೇದಾರರು ಅನುಭವಸ್ಥರ ಹಾಗೆ ಮುಂದೆ ಸರಿದರು. "ತಾಯಿ ಮಾತಾಡಂಗಿಲ್ಲ. ಸುಮ್ಮ ಇದ್ರ ಹೌದು ಅಂತ ಅರ್ಥ. ಕಣ್ಣು ಯಾವ ದಿಕ್ಕಿಗಿ ಹೋಗತದ ಅಷ್ಟೇ ನೋಡ್ರಿ."

ಎಲ್ಲರೂ ನನ್ನ ಕಣ್ಣು ನೋಡಿದರು. ಸುಲೇಪೇಟ ಯಾವ ದಿಕ್ಕಿಗಿದೆ? ಉತ್ತರಕ್ಕೋ, ಪೂರ್ವಕ್ಕೋ? ಬಿ.ಎ.ಯಲ್ಲಿ ಭೂಗೋಳ ತೆಗೆದುಕೊಳ್ಳದೆ ಚರಿತ್ರೆ ತೆಗೆದುಕೊಂಡದ್ದಕ್ಕೆ ನನ್ನನ್ನೇ ಬೈದುಕೊಂಡು, ಯಾವ ದಿಕ್ಕೂ ಬೇಡವೆಂದು ಕಣ್ಣು ಮುಚ್ಚಿಬಿಟ್ಟೆ.

"ಕಣ್ಣು ಮುಚ್ಚಿದ್ರು!" ಎಂದಳು ಗುಂಡಮ್ಮತ್ತೆ.

"ಒಪ್ಪಿಗಿ ಆಯ್ತು!" ಎಂದರು ಶಿರಸ್ತೇದಾರರು. "ಬುಧವಾರ ಹೋಗ್ರಿ, ಅಂದೇ ಕುಪ್ಪಸ ಇಟ್ಟು ಉಡಿ ತುಂಬಿ, ಸಂಬಂಧ ಗಟ್ಟಿ ಮಾಡಿ ಬರ್ರಿ!"

"ಮುಬಾರಕ್!" ಎಂದರು ಜೈತುನ್ಬೀ, ಯಾರಿಗೆ ಎಂದು ನೋಡದೆ.

ಒಂದು ನಿಮಿಷದಲ್ಲಿ, ನಾನು ಕೂತಲ್ಲೇ ಕೂತು, ತುಟಿ ಬಿಚ್ಚದೆ, ನನಗೆ ಬೇಕಾದ ಮನುಷ್ಯನನ್ನು ಸುಲೇಪೇಟದ ಹುಡುಗಿಗೆ ಮದುವೆ ಮಾಡಿಕೊಟ್ಟಿದ್ದೆ.

"ನಡಿ, ಕಾಲಿಗಿ ಬೀಳು," ಎಂದರು ಅನಸುಬಾಯಿ ಮಗನಿಗೆ. "ಗಾಡಿ ಹೊತ್ತಾಗತದ."

ಕಣ್ಣು ತೆರೆದೆ. ಅಂಬಾರಾಯ ಎದ್ದು ಬಂದರು. ಮಂಡಿಯೂರುವ ಮುಂಚೆ ಒಮ್ಮೆ ನನ್ನ ಮುಖ ನೋಡಿದರು. ಭಕ್ತಿಯಿಂದ ನೋಡಲಿಲ್ಲ, ಸಂತೆಗೆ ಬಂದವನು, ಬೇಕಾದ ಮಾಲು ಮಾರಿ ಹೋಯಿತೆಂದು ತಿಳಿದ ಮೇಲೂ ಒಮ್ಮೆ ನೋಡುತ್ತಾನಲ್ಲ, ಹಾಗೆ ನೋಡಿದರು. ಆಮೇಲೆ ಬಗ್ಗಿದರು. ಹೊಸ ಶರ್ಟು ಬೆನ್ನಿನ ಮೇಲೆ ಬಿಗಿಯಾಯಿತು. ಎರಡೂ ಕೈ ನನ್ನ ಪಾದದ ಕಡೆ ಬಂದವು. ಮುಟ್ಟಿದರೆ ಮುಗಿಯಿತು, ತಾನು ಕಾಲು ಮುಟ್ಟಿ ನಮಸ್ಕರಿಸಿದ ಹೆಣ್ಣನ್ನು ನಮ್ಮ ಕಡೆ ಯಾರೂ ಹೆಂಡತಿ ಮಾಡಿಕೊಳ್ಳುವುದಿಲ್ಲ.

ಕಾಲನ್ನು ಸರಕ್ಕನೆ ಸೀರೆಯೊಳಗೆ ಎಳೆದುಕೊಂಡೆ. ಮಣೆ ಕಿರುಗುಟ್ಟಿತು.

"ಏನಾಯ್ತವ್ವ?" ಎಂದರು ಅಪ್ಪ.

"ಕೋಪ ಬಂತು," ಎಂದು ಯಾರೋ ಪಿಸುಗುಟ್ಟಿದರು. ಟೆಂಗಿನವರು ಒಂದು ಹೆಜ್ಜೆ ಹಿಂದೆ ಸರಿದರು. ಶಿರಸ್ತೇದಾರರು ದಿಕ್ಕು ತಿಳಿಯದೆ ನಾಲ್ಕೂ ಕಡೆ ನೋಡಿದರು. ಅವ್ವ ಕೈಯಲ್ಲಿ ಸೌಟು ಹಿಡಿದೇ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು.

ಅಂಬಾರಾಯ ಇನ್ನೂ ಬಗ್ಗಿಯೇ ಇದ್ದರು, ಖಾಲಿ ಕಂಬಳಿಯ ಮೇಲೆ ಕೈ ಊರಿ, ತಲೆ ಮಾತ್ರ ಮೇಲೆತ್ತಿ.

ನನ್ನ ಗಂಟಲಿನಿಂದ ಬಂದ ಧ್ವನಿ ನನಗೇ ಗುರುತು ಸಿಗಲಿಲ್ಲ. ಅದು ಇಡೀ ಓಣಿಗೆ ಕೇಳುವಷ್ಟು ದೊಡ್ಡದಿತ್ತು.

"ಕಾಲಿಗಿ ಬೀಳಬ್ಯಾಡ್ರಿ. ಮುಖಕ್ಕ ಈ ವಿಭೂತಿ ನಾ ನಿಮ್ಮ ಕಣ್ಣಿಗಿ ಚೆಂದ ಕಾಣಬೇಕಂತ ಹಚ್ಕೊಂಡೀನಿ."